ಮಲೆನಾಡ ವೇದಿಕೆಗೆ ಮಂದ್ರದ ತಂತಿ

ಹಾಡಿನ ತಳದಲ್ಲಿ ನಿಂತು ಅದಕ್ಕೆ ಮಂದ್ರಸ್ಥಾಯಿಯ, ಅಂದರೆ ಕೆಳದನಿಯ ಆಧಾರ ಕೊಡುವ ವಾದ್ಯವೇ ಎಲೆಕ್ಟ್ರಿಕ್ ಬಾಸ್ ಗಿಟಾರ್. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ರೂಪಿಸಿದ 'ಪ್ರಿಸಿಷನ್ ಬಾಸ್' ಬಳಕೆಗೆ ಬಂದ ಮೇಲೆ ಆಳೆತ್ತರದ ಡಬಲ್ ಬಾಸನ್ನು ಊರೂರಿಗೆ ಹೊರುವ ಕಷ್ಟ ತಪ್ಪಿತಲ್ಲದೆ, ವೀಣೆಯಲ್ಲಿರುವಂತೆ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನವೂ ನಿಖರವಾಯಿತು. ಇದರ ಉಕ್ಕಿನ ತಂತಿ ಮಿಡಿದಾಗ ಅದರಡಿಯ ಪಿಕಪ್, ಎಂದರೆ ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತ, ಆ ಕಂಪನವನ್ನು ವಿದ್ಯುತ್ತಿಗೆ ಇಳಿಸಿ ಆಂಪ್ಲಿಫೈಯರಿಗೆ ಕಳುಹಿಸುತ್ತದೆ.

ಶಿಕಾರಿಪುರ, ಸೊರಬ ಸೀಮೆಗೆ ಮಂದ್ರನಾದ ಹೊಸದಲ್ಲ. ಬಳ್ಳಿಗಾವಿಯ ಅಲ್ಲಮಪ್ರಭುವನ್ನು ಹರಿಹರನ ರಗಳೆ ಮದ್ದಳೆಗಾರನಾಗಿಯೇ ಚಿತ್ರಿಸುತ್ತದೆ. ಬಯಲಿನಲ್ಲಿ ಎದೆಗೆ ಗುದ್ದುವಂತೆ ಕೇಳುವ ಡೊಳ್ಳು ಇಂದಿಗೂ ಇಲ್ಲಿನ ಜಾತ್ರೆ, ಮೆರವಣಿಗೆಗಳ ಜೀವ. ಆದರೆ ಡೊಳ್ಳಿನಿಂದ ದೊರೆಯುವುದು ಲಯದ ಘನತೆಯೇ ಹೊರತು ರಾಗದ ಸ್ವರಗಳಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ ಜನಿಸಿದ ಜಿ. ಎಸ್. ಶಿವರುದ್ರಪ್ಪನವರ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದ ಸುಗಮ ಸಂಗೀತದಲ್ಲಿ, ಹಾರ್ಮೋನಿಯಂ ಮತ್ತು ತಬಲಾಗಳ ನಡುವೆ ಉಳಿಯುವ ತೆರಪನ್ನು ಬಾಸ್ ತುಂಬಬಲ್ಲದು: ಗಾಯಕರ ಶ್ರುತಿ ಕಪ್ಪು ಒಂದಿರಲಿ, ಬಿಳಿ ನಾಲ್ಕಿರಲಿ, ಬಿರಡೆ ಮುಟ್ಟದೆ ಕೈ ಸರಿಸಿದರೆ ಷಡ್ಜ ಸಿಗುತ್ತದೆ. ಇದು ಈ ವಾದ್ಯದ ದೊಡ್ಡ ಗುಣ.

ಕೊರತೆ ಇರುವುದು ಗಮಕದಲ್ಲಿ. ವೀಣೆಯ ತಂತಿಯನ್ನು ಎಳೆದು ಒಂದೇ ಮೆಟ್ಟಿಲ ಮೇಲೆ ಹಲವು ಸ್ವರಗಳನ್ನು ನುಡಿಸಿದಂತೆ ಇದರ ದಪ್ಪ, ಬಿಗಿ ತಂತಿಯಲ್ಲಿ ನುಡಿಸುವುದು ಕಷ್ಟ. ಮೆಟ್ಟಿಲುಗಳಿಲ್ಲದ ಬಾಸ್ ಜಾರುಸ್ವರಗಳಿಗೆ ಒದಗುವುದಾದರೂ ಅದಕ್ಕೆ ಪಳಗಿದ ಕಿವಿ ಬೇಕು. ತಂತಿಯ ನುಡಿಯುವ ಭಾಗ ಸಾಮಾನ್ಯವಾಗಿ 34 ಅಂಗುಲ ಉದ್ದವಿದ್ದು, ಮೊದಲ ಮೆಟ್ಟಿಲೇ ತುದಿಯಿಂದ ಸುಮಾರು ಎರಡು ಅಂಗುಲ ದೂರದಲ್ಲಿರುವುದರಿಂದ ಎಳೆಯರ ಬೆರಳು ಅಷ್ಟಗಲ ಚಾಚುವುದಿಲ್ಲ. ಅವರಿಗೆ 30 ಅಂಗುಲದ ಗಿಡ್ಡ ಬಾಸೇ ಲೇಸು.

ಖರ್ಚಿನ ಲೆಕ್ಕ ವಾದ್ಯದ ಬೆಲೆಗೇ ಮುಗಿಯುವುದಿಲ್ಲ. ಅತಿ ಕೆಳದನಿಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಹಳ್ಳಿಯ ಸಮಾರಂಭಗಳಲ್ಲಿ ಕಂಬಕ್ಕೆ ಕಟ್ಟುವ ತುತ್ತೂರಿಯಂಥ ಹಾರ್ನ್ ಆ ಕಂಪನವನ್ನು ಹೊರಡಿಸಲಾರದಾದ್ದರಿಂದ, ದೊಡ್ಡ ಸ್ಪೀಕರ್ ಇಲ್ಲದ ಕಡೆ ಒಳ್ಳೆಯ ವಾದಕನ ಶ್ರಮವೂ ಸಭಿಕರಿಗೆ ತಲುಪದೆ ಹೋಗುತ್ತದೆ. ಕರೆಂಟ್ ಹೋದರಂತೂ ವಾದ್ಯ ಮೂಕ. ಮಳೆಗಾಲದಲ್ಲಿ ಡೊಳ್ಳಿನ ಚರ್ಮ ಸಡಿಲಿದರೆ ಬೆಂಕಿಗೆ ಹಿಡಿದು ಕಾಯಿಸಬಹುದು. ಬಾಸಿನ ತಂತಿಗೆ ತುಕ್ಕು ಹಿಡಿದರೆ ಬದಲಾಯಿಸಲೇಬೇಕು. ನುಡಿಸಿ ಮುಗಿದೊಡನೆ ಒಣಬಟ್ಟೆಯಲ್ಲಿ ಒಂದೊಂದು ತಂತಿಯನ್ನೂ ಮೇಲೆ ಕೆಳಗೆ ಒರೆಸಿಡುವುದು ಮಲೆನಾಡಿನಲ್ಲಿ ತಪ್ಪಿಸಬಾರದ ಕೆಲಸ.

ಅನೇಕ ಬಾಸ್‌ಗಳಲ್ಲಿ ಬೆರಳಾಡುವ ಪಟ್ಟಿ ನಮ್ಮ ಕಾಡಿನ ಬೀಟೆಯದೇ ಎಂಬುದು ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಸೊರಬಕ್ಕೆ ಆಪ್ತವೆನಿಸಬೇಕಾದ ಸಂಗತಿ. ಡೊಳ್ಳಿನ ಜೊತೆ ಇದನ್ನು ವೇದಿಕೆಗೆ ತರುವವರು ಮಾತ್ರ ಎರಡರ ನಾದವೂ ಒಂದೇ ತಳದಲ್ಲಿ ಹರಿಯುತ್ತದೆಂಬುದನ್ನು ಅರಿತಿರಬೇಕು. ಡೊಳ್ಳಿನ ಪೆಟ್ಟು ಬೀಳುವಾಗ ತಂತಿ ತಡೆದು, ಆ ನಾದ ಇಳಿಯುತ್ತಿದ್ದಂತೆ ಒಂದೇ ಷಡ್ಜವನ್ನು ನಿಲ್ಲಿಸಿದರೆ ಎರಡೂ ಸ್ಪಷ್ಟವಾಗಿ ಕೇಳುತ್ತವೆ.