ಗೋಡೆ ಬಾಗಿದರೂ ಮುರಿಯಬಾರದು

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಬಳಿ ಸ್ಫೋಟಕಗಳು ಸಿಡಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ದೂರದ ಮನೆಗಳಲ್ಲೂ ಕಿಟಕಿ ಗಾಜು ಒಡೆದವು. ಭೂಕಂಪವೆಂದು ಹೆದರಿ ಜನ ಹೊರಗೆ ಓಡಿ ಬಂದರು. ಅಷ್ಟು ದೂರ ತಲುಪಿದ್ದು ಬೆಂಕಿಯಲ್ಲ, ಸ್ಫೋಟದ ಒತ್ತಡ.

ನಮಗೆ ಓಡಲು ಬೀದಿಯಾದರೂ ಇರುತ್ತದೆ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಉಕ್ಕಿನ ಅಟ್ಟಣೆಗಳಲ್ಲಿ ದುಡಿಯುವವರಿಗೆ ಅದೂ ಇಲ್ಲ. ಯಂತ್ರಗಳಿರುವಲ್ಲೇ ಅವರ ಊಟ, ನಿದ್ದೆ. ಆದ್ದರಿಂದ ಅಲ್ಲಿನ ಗೋಡೆ ಎಷ್ಟು ಹೊಡೆತ ತಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಲೆಕ್ಕ ಮೂರು ಹಂತದ್ದು. ಮೊದಲನೆಯದು, ಅನಿಲ ಸೋರಿ ಹೊತ್ತಿಕೊಂಡರೆ ಎಷ್ಟು ಒತ್ತಡ ಹುಟ್ಟುತ್ತದೆ? ಪೈಪು, ಯಂತ್ರಗಳು ಒತ್ತೊತ್ತಾಗಿದ್ದರೆ ಜ್ವಾಲೆ ವೇಗ ಪಡೆದು ಒತ್ತಡ ಏರುತ್ತದೆ. ಬದಿಗಳು ತೆರೆದಿದ್ದರೆ ಇಳಿಯುತ್ತದೆ. ಎರಡನೆಯದು, ಗೋಡೆ ಅದನ್ನು ಹೇಗೆ ತಾಳುತ್ತದೆ? ಒಂದು ಬಾರ್ ಒತ್ತಡವೆಂದರೆ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರ. ಆದರೆ ಅದು ಇರುವುದು ಸೆಕೆಂಡಿನ ಸಣ್ಣ ಪಾಲು ಮಾತ್ರ. ಉಕ್ಕು ಬಾಗುತ್ತಾ ಆ ಶಕ್ತಿಯನ್ನು ನುಂಗುತ್ತದೆ. ನಮ್ಮ ಮನೆ ಮೇಲಿನ ತಗಡಿನಂತೆ ಮಡಿಕೆಯಿರುವ ಉಕ್ಕಿನ ಗೋಡೆಗಳನ್ನು ಇದಕ್ಕೇ ಬಳಸುತ್ತಾರೆ. ಗೋಡೆ ಸೊಟ್ಟಗಾದರೆ ಚಿಂತೆಯಿಲ್ಲ, ಹರಿಯಬಾರದು. ಮೂರನೆಯದು, ಗೋಡೆ ಬಾಗಿದ ಮೇಲೂ ಅದರ ಹಿಂದಿನ ಪೈಪು, ತಪ್ಪಿಸಿಕೊಳ್ಳುವ ದಾರಿ ಉಳಿದಿವೆಯೇ?

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಸಮುದ್ರದ ಪೈಪರ್ ಆಲ್ಫಾ ಸಾಕ್ಷಿ. ಅದನ್ನು ಕಟ್ಟಿದ್ದು ಎಣ್ಣೆಗಾಗಿ. ಆಮೇಲೆ ಅನಿಲ ಸಂಸ್ಕರಣೆಯೂ ಸೇರಿತು. ಗೋಡೆಗಳು ಮಾತ್ರ ಹಳೆಯವೇ ಉಳಿದವು. ಅವು ಬೆಂಕಿ ತಡೆಯುವ ಗೋಡೆಗಳು, ಸ್ಫೋಟ ತಡೆಯುವವಲ್ಲ. 1988ರ ಜುಲೈ 6ರಂದು ಮೊದಲ ಸ್ಫೋಟಕ್ಕೇ ಅವು ಕಿತ್ತುಹೋದವು, ಪಕ್ಕದ ಪೈಪು ಒಡೆದು ಬೆಂಕಿ ಹರಡಿತು. 167 ಜನ ಸತ್ತರು. ತನಿಖೆ ನಡೆಸಿದ ಲಾರ್ಡ್ ಕಲನ್ 1990ರಲ್ಲಿ 106 ಶಿಫಾರಸು ಕೊಟ್ಟರು. ಅಪಾಯಗಳನ್ನು ತಾನು ಹೇಗೆ ಹತೋಟಿಯಲ್ಲಿಟ್ಟಿದ್ದೇನೆಂದು ಕಂಪನಿಯೇ ಬರೆದು ತೋರಿಸಬೇಕು ಎಂಬುದು ಅದರಲ್ಲಿ ಮುಖ್ಯವಾದದ್ದು.

ನಮಗೂ ಇದು ದೂರದ ಮಾತಲ್ಲ. 2005ರ ಜುಲೈ 27ರಂದು ಮುಂಬೈ ಹೈನಲ್ಲಿ ಹಡಗು ಬಡಿದು, ಅನಿಲ ಸೋರಿ, ಇಡೀ ಅಟ್ಟಣೆ ಉರಿಯಿತು; 22 ಜನ ತೀರಿಕೊಂಡರು.

ವ್ಯಾಪಾರ ಬೆಳೆದಾಗ ಹೊಸ ಯಂತ್ರದ ಬೆಲೆ ಲೆಕ್ಕಪುಸ್ತಕಕ್ಕೆ ಏರುತ್ತದೆ ಎಂದು ನಾವು ವಾಣಿಜ್ಯ ವಿಭಾಗದಲ್ಲಿ ಕಲಿಯುತ್ತೇವೆ. ಅದರ ಜೊತೆ ಬಂದ ಅಪಾಯ ಯಾವ ಪುಟಕ್ಕೂ ತಾನಾಗಿ ಏರುವುದಿಲ್ಲ. ಹೊಸ ಯಂತ್ರ ಬಂದ ದಿನವೇ ಹಳೆಯ ಗೋಡೆಯ ಲೆಕ್ಕವನ್ನೂ ಮತ್ತೆ ಮಾಡಬೇಕು.