ಮುನ್ನೂರು ಪತ್ರಿಕೆಗೆ ಒಬ್ಬನೇ ಗಣಪ

ರಾಜಾಜಿನಗರದ ಡಿಟಿಪಿ ಅಂಗಡಿಯೊಂದರ ಕಂಪ್ಯೂಟರಿನೊಳಗೆ ಇಣುಕಿದರೆ ಹೀಗಿರುತ್ತದೆ: ‘ಲಗ್ನಪತ್ರಿಕೆ ಫೈನಲ್’, ‘ಫೈನಲ್ 2’, ‘ಫೈನಲ್ ಸೋದರಮಾವನ ಹೆಸರು ಸೇರಿಸಿದ್ದು’. ಒಂದೇ ಮದುವೆಗೆ ಮೂರು ಕಡತ. ಮೂರರಲ್ಲೂ ಅದೇ ಗಣಪತಿ, ಅದೇ ಅಂಚು, ಅದೇ ಛತ್ರದ ವಿಳಾಸ. ಗಣಪತಿಯ ಚಿತ್ರ 20 ಎಂಬಿ ಎಂದುಕೊಳ್ಳಿ. ಅಂಥ 300 ಕಡತಗಳಾದರೆ ಬ್ಯಾಕಪ್ ಡಿಸ್ಕಿನಲ್ಲಿ ಗಣಪನೊಬ್ಬನೇ 6 ಜಿಬಿ ತುಂಬಿಕೊಂಡಿರುತ್ತಾನೆ. ಅವನನ್ನು ಒಮ್ಮೆ ಮಾತ್ರ ಇಟ್ಟು, ಮಿಕ್ಕ 299 ಕಡೆ ‘ಅಲ್ಲಿದ್ದಾನೆ ನೋಡಿ’ ಎಂದು ಬರೆದರೆ ಸಾಲದೆ? ಡಿಡುಪ್ಲಿಕೇಶನ್ ಎಂದರೆ ಇಷ್ಟೇ. 1989ರಲ್ಲಿ ಫಿಲ್ ಕಾಟ್ಜ್ ರೂಪಿಸಿದ ಜಿಪ್‌ಗೆ ಇದು ಆಗದು. ಅದು ಒಂದೊಂದು ಕಡತವನ್ನೂ ಬೇರೆಬೇರೆಯಾಗಿ ಹಿಂಡುತ್ತದೆ. ಪಕ್ಕದ ಕಡತದ ಗಣಪ ಅದಕ್ಕೆ ಕಾಣುವುದಿಲ್ಲ.

ಹಾಗಾದರೆ ಕಡತವನ್ನು ತುಂಡು ಮಾಡಿ ಹೋಲಿಸಬೇಕು. ಎಲ್ಲಿ ಕತ್ತರಿಸುವುದು? ಬಗೆಬಗೆಯ ಹೂವಿನ ದಂಡೆಯೊಂದನ್ನು ಹತ್ತು ಹೂವಿಗೊಂದು ತುಂಡಿನಂತೆ ಕತ್ತರಿಸಿದಿರಿ ಎನ್ನಿ. ಮೊದಲಿಗೆ ಒಂದು ಹೂ ಹೆಚ್ಚಾಗಿ ಸೇರಿತೋ, ಪ್ರತಿ ತುಂಡಿನ ಕೊನೆಯ ಹೂ ಮುಂದಿನದಕ್ಕೆ ಜಾರಿ ಎಲ್ಲ ತುಂಡುಗಳೂ ಬದಲಾಗುತ್ತವೆ. ಸೋದರಮಾವನ ಹೆಸರು ಸೇರಿದ ಕಡತಕ್ಕೂ ಇದೇ ಗತಿ. ಎಣಿಸುವುದನ್ನು ಬಿಟ್ಟು ಕನಕಾಂಬರ ಬಂದಲ್ಲೆಲ್ಲ ಕತ್ತರಿಸಿ ನೋಡಿ: ಹೊಸ ಹೂ ಬಿದ್ದ ತುಂಡೊಂದೇ ಬದಲಾಗುತ್ತದೆ.

ಕಂಪ್ಯೂಟರಿನ ಕನಕಾಂಬರ ಒಂದು ಲೆಕ್ಕ. 2001ರಲ್ಲಿ ಎಂಐಟಿಯಲ್ಲಿ ರೂಪುಗೊಂಡ ಎಲ್‌ಬಿಎಫ್‌ಎಸ್ ಎಂಬ ಕಡತ ವ್ಯವಸ್ಥೆ 48 ಬೈಟ್‌ಗಳ ಕಿಟಕಿಯೊಂದನ್ನು ಕಡತದುದ್ದಕ್ಕೂ ಸರಿಸುತ್ತ, ಮೈಕೇಲ್ ರೇಬಿನ್ 1981ರಲ್ಲಿ ಕೊಟ್ಟ ವಿಧಾನದಿಂದ ಒಂದು ಸಂಖ್ಯೆ ತೆಗೆಯುತ್ತದೆ. ಆ ಸಂಖ್ಯೆಯ ಕೊನೆಯ 13 ಬಿಟ್‌ಗಳು ಮೊದಲೇ ಗೊತ್ತುಮಾಡಿದ ಬೆಲೆಗೆ ಸರಿಹೊಂದಿದರೆ ಅಲ್ಲಿ ಕತ್ತರಿ. ಸರಾಸರಿ 8,192 ಬೈಟ್‌ಗೊಮ್ಮೆ ಹೀಗಾಗುತ್ತದೆ.

ಪ್ರತಿ ತುಂಡಿಗೂ ಅದರ ಬೈಟ್‌ಗಳಿಂದಲೇ ಲೆಕ್ಕಹಾಕಿ ತೆಗೆದ ಒಂದು ಬೆರಳಚ್ಚು. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 32 ಬೈಟ್. ಅದೇ ಬೆರಳಚ್ಚು ಮೊದಲೇ ಇದ್ದರೆ ತುಂಡನ್ನು ಮತ್ತೆ ಬರೆಯುವುದಿಲ್ಲ. ಇಲ್ಲಿ ಕಣ್ಣಿನ ಸಾಕ್ಷಿ ನಡೆಯದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ‘ಕನ್ನಡ’ವೂ ಯೂನಿಕೋಡಿನ ‘ಕನ್ನಡ’ವೂ ನಮಗೆ ಒಂದೇ. ಆದರೆ ಯೂನಿಕೋಡಿನ ಯುಟಿಎಫ್-8ರಲ್ಲಿ 15 ಬೈಟ್ ಹಿಡಿಯುವ ಈ ಪದ ಹಳೆಯ ಫಾಂಟಿನಲ್ಲಿ ಬೇರೆಯದೇ ಬೈಟ್‌ಗಳ ಸಾಲು.

ತುಂಡು ಚಿಕ್ಕದಾದಷ್ಟೂ ಉಳಿತಾಯ ಹೆಚ್ಚು, ಲೆಕ್ಕದ ಪುಸ್ತಕವೂ ದಪ್ಪ. ಒಂದು ಟಿಬಿಯನ್ನು 8 ಕೆಬಿ ತುಂಡು ಮಾಡಿದರೆ ಸುಮಾರು 13.4 ಕೋಟಿ ತುಂಡು. ಬೆರಳಚ್ಚುಗಳಿಗೇ 4 ಜಿಬಿ ಬೇಕು. ಒಂದು ಎಂಬಿ ತುಂಡಾದರೆ 32 ಎಂಬಿ ಸಾಕು. ರೆಸ್ಟಿಕ್, ಬೋರ್ಗ್‌ನಂಥ ಇಂದಿನ ಬ್ಯಾಕಪ್ ತಂತ್ರಾಂಶಗಳು ದೊಡ್ಡ ತುಂಡನ್ನೇ ಆರಿಸಿಕೊಂಡಿರುವುದು ಸುಮ್ಮನಲ್ಲ.

ಲಕ್ಷಾಂತರ ತುಂಡುಗಳನ್ನು ಬಿಡಿಬಿಡಿ ಕಡತಗಳಾಗಿ ಇಡಲಾಗದು. ಹಲವನ್ನು ಸೇರಿಸಿ ಪೊಟ್ಟಣ ಕಟ್ಟಿ, ಒಳಗೇನಿದೆ ಎಂಬ ಪಟ್ಟಿಯನ್ನು ಪೊಟ್ಟಣದ ಕೊನೆಯಲ್ಲೇ ಬರೆಯುವುದು ರೆಸ್ಟಿಕ್‌ನ ಪದ್ಧತಿ. ಮುಖ್ಯ ಸೂಚಿ ಹಾಳಾದರೂ ಪೊಟ್ಟಣಗಳನ್ನು ಓದಿ ಮತ್ತೆ ಕಟ್ಟಬಹುದು. ಕ್ರಮವೂ ಮುಖ್ಯ: ಮೊದಲು ಕತ್ತರಿಸು, ಬೆರಳಚ್ಚು ತೆಗೆ, ಆಮೇಲೆ ಹಿಂಡು, ಕೊನೆಗೆ ಬೀಗ ಹಾಕು. ಮೊದಲೇ ಗೂಢಲಿಪಿಯ ಬೀಗ ಹಾಕಿದರೆ ಒಂದೇ ಥರದ ತುಂಡುಗಳೂ ಬೇರೆಬೇರೆಯಾಗಿ ಕಂಡಾವು. ಅಳಿಸುವಾಗಲೂ ಎಚ್ಚರ ಬೇಕು. ಹಳೆಯ ಪತ್ರಿಕೆ ಬೇಡವೆಂದ ಮಾತ್ರಕ್ಕೆ ಅದರ ಗಣಪನನ್ನು ತೆಗೆಯುವಂತಿಲ್ಲ. ಬೇರಾವ ಪತ್ರಿಕೆಯೂ ಅವನತ್ತ ಬೆರಳು ತೋರುತ್ತಿಲ್ಲ ಎಂದು ಖಚಿತವಾಗಬೇಕು.

ಅಪಾಯವೂ ಇಲ್ಲೇ ಇದೆ. ಆ ಒಬ್ಬ ಗಣಪನ ಒಂದು ಬಿಟ್ ಕೆಟ್ಟರೆ 300 ಕಡತಗಳೂ ಒಟ್ಟಿಗೇ ಊನ. ಮರಳಿ ಓದುವಾಗ ಬೆರಳಚ್ಚನ್ನು ತಾಳೆ ನೋಡಿದರೆ ಕೆಟ್ಟದ್ದು ತಿಳಿಯುತ್ತದೆ, ಸರಿಹೋಗುವುದಿಲ್ಲ. ಹಾಗಾಗಿ 299 ಗಣಪಂದಿರನ್ನು ಕಳುಹಿಸಿ ಉಳಿಸಿದ ಜಾಗದ ದುಡ್ಡಿನಲ್ಲಿ ಮೊದಲು ಕೊಳ್ಳಬೇಕಾದದ್ದು ಎರಡನೆಯ ಗಣಪನಿಗೊಂದು ಡಿಸ್ಕು. ಅದು ಅಂಗಡಿಯಲ್ಲಿರಬಾರದು, ಮನೆಯಲ್ಲಿರಬೇಕು.