ಕುಂದಗೋಳದ ರೈಲು ಹಿಡಿದ ಗಂಗೂಬಾಯಿ

1913, ಧಾರವಾಡ. ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ ಮನೆಯಲ್ಲಿ ಮೊದಲು ಮೊಳಗುತ್ತಿದ್ದುದು ಕರ್ನಾಟಕ ಸಂಗೀತ. ತಾಯಿ ಅಂಬಾಬಾಯಿ ಒಳ್ಳೆಯ ಗಾಯಕಿ. ಮಗಳ ಕಿವಿ ಮಾತ್ರ ಹಿಂದೂಸ್ತಾನಿಯತ್ತ ವಾಲಿತು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂ ಕೂಡ ಒಬ್ಬಳು.

ಮಗಳ ಕಲಿಕೆಗಾಗಿಯೇ ಮನೆ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯಿಯವರ ಬಳಿ ಪಾಠ. ಆಮೇಲೆ ಗುರುವಾಗಿ ಸಿಕ್ಕಿದ್ದು ಕಿರಾಣಾ ಘರಾಣೆ ಎಂಬ ಹಿಂದೂಸ್ತಾನಿ ಗಾಯನ ಪರಂಪರೆಯ ಸವಾಯಿ ಗಂಧರ್ವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಅವರಿದ್ದ ಕುಂದಗೋಳಕ್ಕೆ ಹೋಗಬೇಕು. ಗುರುಗಳೋ, ಒಂದೊಂದು ಸ್ವರವನ್ನೂ ಹಿಡಿದು ತಿದ್ದುವವರು. ಪಾಠ ಮುಗಿದು ಕತ್ತಲಾದರೆ ಸ್ಟೇಷನ್‌ವರೆಗೆ ಜೊತೆಗೆ ಬರುತ್ತಿದ್ದ ಕಿರಿಯ ಶಿಷ್ಯ ಯಾರು ಗೊತ್ತೇ? ಮುಂದೆ ತಾವೂ ದೊಡ್ಡ ಗಾಯಕರಾದ ಭೀಮಸೇನ ಜೋಶಿ!

ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ದನಿ ಗಡಸಾಯಿತು. ಆ ಗಡಸು ದನಿಯೇ ಅವರ ಗುರುತಾಯಿತು, 2002ರಲ್ಲಿ ಪದ್ಮವಿಭೂಷಣವೂ ಬಂತು. ಅವರ ಗಾಯನ ಇನ್ನೂ ಕೇಳಿಲ್ಲವೇ? ಇವತ್ತೇ ಕೇಳಿ.